ಊರಿಗೊಂದು ಗಂಟೆ

ಗುಕ್ ಸಾಂಗ್‌ಚೊಲ್ ನಡೆಯುವಾಗ ಎಡಕ್ಕೆ ವಾಲುತ್ತಿದ್ದ. ಕುಡಿದವರು ವಾಲುವ ಹಾಗಲ್ಲ, ಸೊಂಟ ಹಿಡಿದವರು ವಾಲುವ ಹಾಗೂ ಅಲ್ಲ. ಪಕ್ಕದಲ್ಲಿ ತನಗಿಂತ ತಗ್ಗಿನಲ್ಲಿ ಕುಳಿತ ಯಾರೋ ಏನನ್ನೋ ಮೆಲ್ಲಗೆ ಕೇಳುತ್ತಿದ್ದಾರೆ, ತಾನು ಬಗ್ಗಿ ಉತ್ತರ ಕೊಡಬೇಕು ಎಂಬಂತೆ, ವಿನಯದಿಂದ, ತುಸು ಅವಸರದಿಂದ ವಾಲುತ್ತಿದ್ದ. ಕಡಲ ಗಾಳಿ ಬೀಸಿ ನಮ್ಮ ಬಂದರೂರು ಮೊಕ್ಪೊದ ಹಳೇಪೇಟೆಯ ಅಂಗಡಿ ಬೋರ್ಡುಗಳನ್ನೆಲ್ಲ ಬಡಿಯುವ ಚಳಿಗಾಲದ ಬೆಳಗಿನಲ್ಲಿ, ಗಂಟಲವರೆಗೆ ಜಿಪ್ಪು ಎಳೆದ ದಪ್ಪ ನೀಲಿ ಕೋಟಿನೊಳಗೆ ಆ ವಾಲಿಕೆ ಬೀದಿಯ ತುದಿಯಿಂದಲೇ ಕಾಣುತ್ತಿತ್ತು. ಕೋಟಿನ ಎಡತೋಳು ಮಾತ್ರ ಬಿಸಿಲಿಗೆ ಬಣ್ಣ ಕಳೆದುಕೊಂಡು ಬೂದಿಯಾಗಿತ್ತು. ಹೆದ್ದಾರಿಯ ಟೋಲ್‌ಗೇಟಿನ ಗೂಡಿನಲ್ಲಿ ಕುಳಿತು, ಆಯುಷ್ಯದ ಬಹುಭಾಗವನ್ನು ಆ ಒಂದು ತೋಳನ್ನು ಕಿಟಕಿಯಿಂದ ಹೊರಗೆ ಚಾಚುವುದರಲ್ಲಿ, ಚಾಚಿ ಹಿಂದಕ್ಕೆಳೆದುಕೊಳ್ಳುವುದರಲ್ಲಿ ಸವೆಸಿದವನು ಅವನು. ಕೆಲಸ ಹೋದ ಮೇಲೂ ಕೋಟನ್ನು ಬಿಟ್ಟಿರಲಿಲ್ಲ.

ನನಗಿಂತ ಒಂದು ಚಳಿಗಾಲ ಚಿಕ್ಕವನು. ಆದ್ದರಿಂದ ನಮ್ಮ ಕಡೆಯ ಪದ್ಧತಿಯಂತೆ ಅವನಿಗೆ ನಾನು ಅಣ್ಣ, ನನಗೆ ಅವನು ಏಕವಚನ. ಹೆಣ್ಣುಮಕ್ಕಳ ಶಾಲೆಯಲ್ಲಿ ಸಾಹಿತ್ಯ ಪಾಠ ಹೇಳಿ ನಿವೃತ್ತನಾದ ನನ್ನನ್ನು ಮಿಕ್ಕವರೆಲ್ಲ ಮೇಷ್ಟ್ರು ಎನ್ನುತ್ತಾರೆ. ಅವನೊಬ್ಬ ಮೊದಲ ದಿನವೇ ನನ್ನ ವಯಸ್ಸು ಕೇಳಿ ತಿಳಿದು ಅಣ್ಣ ಎಂದ. ಹಾಗೆ ಕರೆಸಿಕೊಂಡದ್ದರಿಂದಲೇ ಅವನ ವಿಷಯದಲ್ಲಿ ನನಗೆ ಆಗಾಗ ಸಿಟ್ಟು ಬರುತ್ತಿತ್ತು. ತಮ್ಮನಲ್ಲದವನ ದಡ್ಡತನವನ್ನು ಯಾರು ತಾನೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ?

ಅವನ ಬಾಯಲ್ಲಿ ಒಂದು ಮಾತು ಅಂಟಿಕೊಂಡಿತ್ತು: “ಹುಷಾರಾಗಿ ಹೋಗಿಬನ್ನಿ.” ಟೋಲ್‌ಗೇಟಿನಲ್ಲಿ ಪ್ರತಿ ಗಾಡಿಗೂ ಹೇಳಬೇಕಾಗಿದ್ದ ಮಾತು. ಗಾಡಿಗಳು ಹೋದವು, ಮಾತು ಹೋಗಲಿಲ್ಲ. ನೀವು ಕುರ್ಚಿಯಿಂದೆದ್ದು ಶೌಚಕ್ಕೆ ಹೊರಟರೂ ಹಿಂದಿನಿಂದ ಗಂಭೀರವಾಗಿ “ಹುಷಾರಾಗಿ ಹೋಗಿಬನ್ನಿ” ಎನ್ನುತ್ತಿದ್ದ. ಪಿಸಿಬಾಂಗ್, ಎಂದರೆ ಗಂಟೆಗಿಷ್ಟು ಎಂದು ಕಂಪ್ಯೂಟರ್ ಆಟಕ್ಕೆ ಕೊಡುವ ಅಂಗಡಿ, ನಡೆಸುವ ಚೂ ಮಿಯೊಂಗ್‌ಜಾ, ನಾಲಗೆಯ ತುದಿಯಲ್ಲಿ ಸದಾ ಮೆಣಸಿನಪುಡಿ ಇಟ್ಟುಕೊಂಡಿರುವ ಹೆಂಗಸು, ಒಮ್ಮೆ ಹೇಳಿಯೇಬಿಟ್ಟಳು: “ಗುಕ್ ಅಣ್ಣಾ, ನೀವು ಹಾಗನ್ನೋವಾಗ್ಲೆಲ್ಲ ನನಗೆ ಯಾರೋ ಹಿಂದೆ ಹಾರ್ನ್ ಹೊಡೆದ ಹಾಗಾಗುತ್ತೆ ಕಣ್ರೀ!” ಅವನು ನಕ್ಕ. ನಗುವಾಗಲೂ ಎಡಕ್ಕೆ ವಾಲಿದ.

ಮುಚ್ಚಿಹೋದ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮಿಯೊಂಗ್‌ಜಾಳ ಪಿಸಿಬಾಂಗ್. ಸಂಜೆಯಾದರೆ ಕಾಲೇಜು ಹುಡುಗರ ಕೂಗಾಟ, ರಾಮ್ಯಾನ್ ಶಾವಿಗೆಯ ಹಬೆ, ಕೀಲಿಮಣೆಗಳ ಆಲಿಕಲ್ಲು ಮಳೆ. ಬೆಳಗ್ಗೆ ಮಾತ್ರ ನಮ್ಮಂಥವರದ್ದು. ನಾನು ಹೋಗಲು ಶುರುಮಾಡಿದ್ದು ಮನೆಯ ಹೀಟರಿನ ಖರ್ಚು ಉಳಿಸಲು. ಆಟ ಕಲಿತದ್ದು ಬರಿದೇ ಕುಳಿತರೆ ಮಿಯೊಂಗ್‌ಜಾ ಬೈಯುತ್ತಾಳೆಂದು. ‘ಏಳು ಕಣಿವೆ’ ಎಂಬ ಆಟ. ಸಾವಿರಾರು ಜನ ತಮ್ಮ ತಮ್ಮ ಊರಿನ ಕುರ್ಚಿಗಳಲ್ಲಿ ಕುಳಿತು ಒಂದೇ ಕಣಿವೆಯಲ್ಲಿ ಏಕಕಾಲಕ್ಕೆ ಬದುಕುವ ಬಗೆಯದು. ರಾಕ್ಷಸರನ್ನು ಕೊಲ್ಲುವವರು ಕೊಲ್ಲುತ್ತಾರೆ, ಕುದುರೆ ಸಾಕುವವರು ಸಾಕುತ್ತಾರೆ. ನಾನು ಒಂದು ಕೊಳದ ಬಳಿ ಗಾಳ ಹಾಕಿ ಕುಳಿತು ನಿದ್ದೆ ಮಾಡುತ್ತಿದ್ದೆ. ಗುಕ್ ಮಾಡುತ್ತಿದ್ದುದು ದಿನಗೆಲಸ.

ದಿನಗೆಲಸವೆಂದರೆ ಇಷ್ಟೇ. ಕಣಿವೆಯ ಪೇಟೆಯಂಚಿನಲ್ಲಿ ಒಂದು ಎರಕದ ಮನೆ. ಅದರ ಬಾಗಿಲಲ್ಲಿ ಒಬ್ಬ ಮುದುಕ. ಮನುಷ್ಯನಲ್ಲ, ಆಟವೇ ನಿಲ್ಲಿಸಿದ ಗೊಂಬೆ. ನೀವು ಎದುರು ನಿಂತರೆ ಅವನು ಪ್ರತಿದಿನ ಅದೇ ಮಾತು ಆಡುತ್ತಾನೆ: “ಇವತ್ತೂ ಬಂದೆಯಾ? ಊರಿಗೆ ಗಂಟೆ ಬೇಕು.” ನೀವು ಕಂಚು ಕರಗಿಸಿ ಪುಟ್ಟ ಗಂಟೆಗಳನ್ನು ಎರೆಯಬೇಕು, ಚೆನ್ನಾಗಿ ಬಂದ ಮೂರನ್ನು ಅವನ ಕೈಗಿಡಬೇಕು, ಅವನು ಒಂದು ಬಿಲ್ಲೆ ಕೊಡುತ್ತಾನೆ. ಬಿರುಕು ಬಿಟ್ಟ ಮಿಕ್ಕ ಗಂಟೆಗಳನ್ನು ‘ಎಲ್ಲವನ್ನೂ ಕರಗಿಸು’ ಎಂಬ ಗುಂಡಿಯೊತ್ತಿ ಮತ್ತೆ ಕಂಚು ಮಾಡಿಕೊಳ್ಳಬೇಕು. ಅಲ್ಲಿಗೆ ಆ ದಿನದ್ದು ಮುಗಿಯಿತು. ಕೊಟ್ಟ ಗಂಟೆಗಳು ಎಲ್ಲಿಗೆ ಹೋಗುತ್ತವೆ? ಎಲ್ಲಿಗೂ ಇಲ್ಲ, ಮುದುಕನ ಕೈ ಮುಟ್ಟಿದೊಡನೆ ಇಲ್ಲವಾಗುತ್ತವೆ. ಊರಿಗೆ ಗಂಟೆ ಬೇಕು ಎಂದು ಮರುದಿನ ಅವನು ಮತ್ತೆ ಕೇಳುತ್ತಾನೆ.

ಆದರೆ ವರ್ಷಾನುಗಟ್ಟಲೆ ಬಿಲ್ಲೆ ಕೂಡಿಟ್ಟವನಿಗೆ ಮುದುಕ ಒಂದು ಅಚ್ಚು ಕೊಡುತ್ತಾನೆ. ಒಬ್ಬನಿಗೆ ಒಂದೇ ಸಲ ಸಿಗುವ ಅಚ್ಚು. ಅದರಲ್ಲಿ ಎರೆದ ಮಹಾಗಂಟೆಯನ್ನು ಪೇಟೆಯ ಚೌಕದ ಕಮಾನಿಗೆ ತೂಗುಹಾಕಬಹುದು. ಆಮೇಲೆ ಪ್ರತಿ ಜಾವಕ್ಕೂ ಆ ಗಂಟೆ ಏಳು ಕಣಿವೆಗೆಲ್ಲ ಕೇಳುವಂತೆ ಬಾರಿಸುತ್ತದೆ. ಬಾರಿಸಿದ ಮೇಲೆ ಒಂದು ಹೆಣ್ಣುದನಿ, ಕಣಿವೆಯ ಯಾವ ಮೂಲೆಯಲ್ಲಿ ಯಾರು ಏನೇ ಮಾಡುತ್ತಿರಲಿ ಅವರ ಕಿವಿಗೆ ಬೀಳುವಂತೆ, ಗಂಟೆ ಎರೆದವನ ಹೆಸರು ಹೇಳುತ್ತದೆ. ಆಟದಲ್ಲಿ ಎಲ್ಲರೂ ಗಿಡುಗ, ಕಡುಗಲಿ, ಕಪ್ಪುಚಂದ್ರ ಎಂದೆಲ್ಲ ಹೆಸರಿಟ್ಟುಕೊಂಡರೆ ಇವನು ಗುಕ್ ಸಾಂಗ್‌ಚೊಲ್ ಎಂದು ತನ್ನ ಹೆಸರನ್ನೇ ಇಟ್ಟುಕೊಂಡಿದ್ದ. ನಾವು ನಗಾಡಿದ್ದೆವು. ಕಾರಣ ತಿಳಿದ ಮೇಲೆ ನಾನು ನಗುವುದನ್ನು ಬಿಟ್ಟೆ.

ಕಾರಣವನ್ನು ಅವನು ರಾಮ್ಯಾನ್ ತಿನ್ನುತ್ತ ಹೇಳಿದ್ದ. “ಅಣ್ಣ, ಬಡಗಿಗೆ ಬಾಗಿಲಿರುತ್ತೆ, ಮೀನು ಹಿಡಿಯೋನಿಗೆ ಮೀನಿರುತ್ತೆ, ನಿಮಗೆ ನೀವು ಕಲಿಸಿದ ಹುಡುಗೀರಿದಾರೆ. ಮಾಲ್‌ಸುನ್ ಹಾಕಿದ ಉಪ್ಪುಮೀನನ್ನ ಜನ ಅವಳ ಹೆಸರು ಹೇಳಿ ಕೊಂಡ್ಕೊಳ್ತಾರೆ. ನಾನೇನು ಮಾಡ್ದೆ? ಇಸ್ಕೊಂಡೆ, ಕೊಟ್ಟೆ. ಗಾಡಿ ಹೋಯ್ತು. ಇದನ್ನ ನಾನು ಮಾಡ್ದೆ ಅಂತ ತೋರ್ಸೋಕೆ ಒಂದು ಸೌಟೂ ಇಲ್ಲ.” ಮಾಲ್‌ಸುನ್ ಅವನ ಹೆಂಡತಿ, ಮೀನುಪೇಟೆಯಲ್ಲಿ ಉಪ್ಪುಮೀನು, ಸೀಗಡಿ ಉಪ್ಪಿನಕಾಯಿಗಳ ಅಂಗಡಿ ಇಟ್ಟವಳು. ಅವನು ಕೊರಗಿನಿಂದ ಹೇಳಲಿಲ್ಲ, ದಾರಿ ಕೇಳಿದವರಿಗೆ ದಾರಿ ಹೇಳುವ ಹಾಗೆ ಹೇಳಿದ. ಒಬ್ಬ ಮನುಷ್ಯ ಬದುಕಿನಲ್ಲಿ ಬಯಸಿದ್ದು ಇಷ್ಟೇ: ತಾನು ಮಾಡಿದ ಒಂದು ವಸ್ತು, ಅದರ ಜೊತೆಗೆ ಒಮ್ಮೆ ಗಟ್ಟಿಯಾಗಿ ತನ್ನ ಹೆಸರು.

ಆಟದೊಳಗೆ ನಾವೆಲ್ಲ ಸೇರಿ ಕಟ್ಟಿಕೊಂಡಿದ್ದ ಕೂಟದ ಯಜಮಾನ ಪ್ಯೋ ಇನ್‌ಗ್ಯು, ಮೀನು ಹರಾಜಿನ ಕಟ್ಟೆಯಲ್ಲಿ ದಲ್ಲಾಳಿ, ಹರಾಜು ಮುಗಿಸಿ ನೇರ ಮಹಡಿಗೆ ಬಂದು ರಾಕ್ಷಸರ ಮೇಲೆ ಬೀಳುವವನು. ದಿನಗೆಲಸವೆಂದರೆ ಅವನಿಗೆ ಮೈ ಉರಿ. “ಹಿರಿಯಣ್ಣಾ, ನಿಮಗೆ ಅರ್ಥ ಆಗಲ್ವಾ? ಕಂಪನಿಯೋರು ದಿನಾ ನಮ್ಮನ್ನ ಬರ್ಸೋಕೆ ಕಟ್ಟಿರೋ ಮೂಗುದಾರ ಅದು. ಆ ಮುದುಕನಿಗೆ ಗಂಟೆ ಬೇಡ, ನೀವು ಬೇಕು. ಒಂದು ಸಲ ಗುಹೆಗೆ ಬನ್ನಿ, ಒಂದೇ ಬೆಳಗ್ಗೆ ನಿಮ್ಮ ತಿಂಗಳ ಸಂಪಾದನೆ ತೆಗ್ದು ಕೊಡ್ತೀನಿ” ಎನ್ನುತ್ತಿದ್ದ. ಗುಕ್ ಗಂಟೆ ಎರೆಯುತ್ತಲೇ, “ಗುಹೇಲಿ ಸಿಗೋದು ರಾಕ್ಷಸಂದಪ್ಪ, ನಂದಲ್ವಲ್ಲ” ಎಂದ. ಪ್ಯೋ ಹಣೆ ಚಚ್ಚಿಕೊಂಡ. ಮಿಯೊಂಗ್‌ಜಾ ಗಲ್ಲಾದಿಂದಲೇ ತೀರ್ಪು ಕೊಟ್ಟಳು: “ಬಿಡ್ರೀ, ಕೆಲವರಿಗೆ ಬುದ್ಧ, ಇವರಿಗೆ ಆ ಮುದುಕ.”

ಅವರಿಬ್ಬರ ಮಾತಿನಲ್ಲೂ ಸತ್ಯವಿತ್ತು. ಆದರೆ ಗುಕ್ ಹಾಜರಾತಿಯ ಮನುಷ್ಯ ಎಂಬುದನ್ನು ಅವರು ಮರೆತಿದ್ದರು. ನಾವು ಓದುವಾಗ ಶಾಲೆಗಳಲ್ಲಿ ಒಂದು ಬಹುಮಾನವಿತ್ತು: ವರ್ಷವಿಡೀ ಒಂದು ದಿನವೂ ತಪ್ಪಿಸದೆ ಬಂದವನಿಗೆ ಕೊಡುವುದು. ಜಾಣನಿಗೆ ಜಾಣತನದ ಬಹುಮಾನ, ಓಟಗಾರನಿಗೆ ಓಟದ್ದು, ಏನೂ ಇಲ್ಲದವನಿಗೆ ಇದು. ಗುಕ್‌ಗೆ ಪ್ರತಿವರ್ಷವೂ ಅದೊಂದೇ ಸಿಕ್ಕಿದ್ದು. ಜ್ವರ ಬಂದ ದಿನ ಅವನ ತಾಯಿ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ, ಹೆಸರು ಕೂಗುವವರೆಗೆ ಬಾಗಿಲಲ್ಲಿ ನಿಂತು, ‘ಬಂದಿದ್ದೇನೆ’ ಅನ್ನಿಸಿ ಕರೆತಂದಿದ್ದಳಂತೆ. ಈಗಿನ ಮಕ್ಕಳು ಆ ಬಹುಮಾನವನ್ನು ಬಡವರ ಗುರುತು ಎಂದು ಗೇಲಿ ಮಾಡುತ್ತಾರೆ. ಇವನು ಅದನ್ನು ಶೀಲವೆಂದು ತಿಳಿದು ಬೆಳೆದವನು; ಬಂದರೆ ಸಾಕು, ದಿನಾ ಬಂದರೆ ಸಾಕು, ಎಂದಾದರೊಂದು ದಿನ ಹೆಸರು ಕರೆದೇ ಕರೆಯುತ್ತಾರೆ ಎಂಬುದು ಅವನ ವೇದಾಂತ.

ಗುಕ್‌ನ ಮಗಳು ದಾಜೊಂಗ್‌ಳ ಮದುವೆ ಗ್ವಾಂಗ್‌ಜುವಿನ ಕಲ್ಯಾಣ ಮಂಟಪದಲ್ಲಿ ನಡೆಯಿತು. ಧಾರೆಯ ಹೊತ್ತಿಗೆ ಸರಿಯಾಗಿ ಅವಳ ಕೈಹಿಡಿದು ನಡೆಸಿಕೊಂಡು ಬಂದ, ಬಗ್ಗಿದ, ಕಣ್ಣೊರೆಸಿಕೊಂಡ. ಊಟದ ಹೊತ್ತಿಗೆ ಅವನಿಲ್ಲ. ಬೀಗರು ಕೇಳುತ್ತಿದ್ದಾರೆ, ಮಾಲ್‌ಸುನ್‌ಳ ಮುಖ ಕೆಂಪಾಗಿದೆ. ನನಗೆ ಅನುಮಾನ ಬಂದು ಅದೇ ಕಟ್ಟಡದ ನೆಲಮಾಳಿಗೆಗೆ ಇಳಿದರೆ, ಅಲ್ಲಿನ ಪಿಸಿಬಾಂಗಿನಲ್ಲಿ, ಕರಿಸೂಟಿನ ಎದೆಗೆ ಹೂ ಸಿಕ್ಕಿಸಿಕೊಂಡ ವಧುವಿನ ತಂದೆ, ಕನ್ಯಾಪಿತೃಗಳು ತೊಡುವ ಬಿಳಿ ಕೈಗವಸನ್ನೂ ಕಳಚದೆ ಮೌಸ್ ಹಿಡಿದು ಗಂಟೆ ಎರೆಯುತ್ತಿದ್ದಾನೆ! “ಬೀಗರ ಊಟ ಬಿಟ್ಟು ಇದೇನಯ್ಯಾ?” ಎಂದು ನಾನು ಗದರಿದೆ. “ಇದೊಂದು ಕೊಟ್ಬಿಡ್ತೀನಿ ಅಣ್ಣ, ನಡೀರಿ, ಹುಷಾರಾಗಿ ಹೋಗಿ” ಎಂದ. ಹಿಂದಿರುಗಿದಾಗ ಮಾಲ್‌ಸುನ್ ಹಲ್ಲು ಕಚ್ಚಿ ಹೇಳಿದ್ದು ನನಗೆ ಕೇಳಿಸಿತು: “ದಾಜೊಂಗ್ ಅಪ್ಪಾ, ನೀವು ಸತ್ರೆ ಹೆಣ ಎತ್ತೋಕ್ಮುಂಚೆ ಎದ್ದು ಹೋಗಿ ಅದನ್ನ ಮುಗ್ಸಿ ಬರ್ತೀರ.”

ಆದರೂ ಅವಳು ಕ್ರೂರಿಯಲ್ಲ. ಆ ಗಂಟೆಯ ಕಥೆಯನ್ನು ಅವನು ಅವಳಿಗೂ ಹೇಳಿದ್ದ. ಆಟವೆಂದರೆ ಏನೆಂದೇ ತಿಳಿಯದ ಆಕೆಗೆ ಅದರಲ್ಲಿ ಅರ್ಥವಾದದ್ದು ಒಂದೇ. “ಹೆಸರು ಕರೀತಾರಾ? ಗಟ್ಟಿಯಾಗಿ? ಎಲ್ಲರಿಗೂ ಕೇಳೋ ಹಾಗೆ?” ಎಂದು ಕೇಳಿದ್ದಳಂತೆ. ಹೌದೆಂದಾಗ ಸೀಗಡಿ ಆರಿಸುತ್ತಲೇ, “ಆವತ್ತು ನನ್ನನ್ನೂ ಕರ್ಕೊಂಡು ಹೋಗಿ” ಎಂದಿದ್ದಳಂತೆ.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಬೇಕು, ಏಕೆಂದರೆ ಎಲ್ಲವೂ ಅದರ ಮೇಲೆ ನಿಂತಿದೆ. ‘ಎಲ್ಲವನ್ನೂ ಕರಗಿಸು’ ಎಂಬ ಗುಂಡಿಯೊತ್ತಿದಾಗ, ಚೀಲದಲ್ಲಿ ಬೆಲೆಬಾಳುವ ವಸ್ತುವೇನಾದರೂ ಇದ್ದರೆ ಆಟ ತಡೆದು ಕೇಳುತ್ತದೆ: ಇದನ್ನೂ ಕರಗಿಸಲೇ? ಎರಕ ಕೈಗೆ ಹತ್ತಿದವನ ಬಿರುಕು ಗಂಟೆಗಳಲ್ಲೂ ಒಂದೆರಡು ಬೆಲೆಯವು ಇದ್ದೇ ಇರುತ್ತವೆ. ಆದ್ದರಿಂದ ದಿನಾ ಕೇಳುತ್ತಿತ್ತು, ಇವನು ದಿನಾ ಹೌದೆನ್ನುತ್ತಿದ್ದ. ಆ ಪ್ರಶ್ನೆಯ ಕೆಳಗೇ ಒಂದು ಪುಟ್ಟ ಚೌಕ: ‘ಇನ್ನು ಮುಂದೆ ಕೇಳಬೇಡ.’ ಒಂದು ದಿನ ಗುಕ್ ಅದರಲ್ಲಿ ಗುರುತು ಹಾಕಿದ. ಪಕ್ಕದಲ್ಲಿದ್ದ ಪ್ಯೋ, “ಹಿರಿಯಣ್ಣ, ಅದನ್ನ ಯಾರೂ ಮುಟ್ಟಲ್ಲ” ಎಂದು ಎಚ್ಚರಿಸಿದರೆ, ಇವನು ಕಸುಬು ಬಲ್ಲವನ ಸಣ್ಣ ಜಂಬದಿಂದ ನಕ್ಕು, “ಹಿಂದೆ ಗಾಡಿ ಸಾಲು ನಿಂತಿರೋವಾಗ ಒಬ್ಬೊಬ್ಬರನ್ನೂ ಎರಡೆರಡು ಸಲ ಕೇಳೋಕಾಗುತ್ತೇನಪ್ಪ?” ಎಂದಿದ್ದ. ಅಂದಿನಿಂದ ಅವನ ಕೈಗೂ ಬೆಂಕಿಗೂ ನಡುವೆ ಯಾರೂ ಇರಲಿಲ್ಲ.

ಹೋದ ಶರತ್ಕಾಲದಲ್ಲಿ ಕಂಪನಿಯ ಪ್ರಕಟಣೆ ಬಂತು: ಆಡುವವರು ಕಡಿಮೆಯಾದರು, ವಸಂತ ಹುಟ್ಟುವಾಗ ಏಳು ಕಣಿವೆಯನ್ನು ಮುಚ್ಚುತ್ತೇವೆ, ಇಷ್ಟು ಕಾಲ ಪ್ರೀತಿಯಿಟ್ಟದ್ದಕ್ಕೆ ಕೃತಜ್ಞರು. ಇಂಥ ಪ್ರಕಟಣೆಗಳು ಯಾವಾಗಲೂ ಬಹಳ ಸೌಜನ್ಯದಿಂದ ಕೂಡಿರುತ್ತವೆ. ಜನ ಖಾಲಿಯಾಗತೊಡಗಿದರು. ಪ್ಯೋ ಹೇಳಿದ: “ಈಗಲಾದ್ರೂ ಬಿಡಿ ಹಿರಿಯಣ್ಣ. ಮುಳುಗೋ ಹಡಗಿಗೆ ಬಣ್ಣ ಹೊಡೀತೀರಾ?”

“ಚಳಿಗಾಲ ಪೂರ್ತಿ ಇದೆಯಲ್ಲಪ್ಪ. ಬಿಲ್ಲೆ ಆಗುತ್ತೆ.”

“ಆಗಿ? ಗಂಟೆ ತೂಗು ಹಾಕಿ ಹತ್ತು ದಿನಕ್ಕೆ ಊರೇ ಇರಲ್ಲ!”

“ಹತ್ತು ದಿನ ಕರೀತಾರಲ್ಲ” ಎಂದ ಗುಕ್.

ಆ ಚಳಿಗಾಲದಲ್ಲಿ ಅವನನ್ನು ನೋಡುವುದೇ ನನಗೆ ಕಷ್ಟವಾಗಿತ್ತು. ನಿರ್ಜನವಾಗುತ್ತಿದ್ದ ಕಣಿವೆಯಲ್ಲಿ, ಹಿಮ ಬೀಳುತ್ತಿರುವ ಪೇಟೆಯಂಚಿನಲ್ಲಿ, ಒಬ್ಬನೇ ಮನುಷ್ಯ ಒಂದು ಗೊಂಬೆಯೆದುರು ನಿಂತು ಗಂಟೆ ಕೊಡುತ್ತಿದ್ದಾನೆ. ಅದು ಮಾಯವಾಗುತ್ತದೆ, ಮರುದಿನ ಮತ್ತೆ ಕೊಡುತ್ತಾನೆ. ನನ್ನ ಕೊಳದಲ್ಲಿ ಮೀನುಗಳಿದ್ದವು, ಗಾಳ ಹಾಕುವವನು ನಾನೊಬ್ಬನೇ ಉಳಿದಿದ್ದೆ. ಅವನನ್ನು ನೋಡಲಾರದೆ ಆಟ ಬಿಟ್ಟುಬಿಡೋಣವೆನ್ನಿಸಿದರೂ, ತಮ್ಮನನ್ನು ಒಂಟಿ ಬಿಟ್ಟುಹೋಗುವುದು ಹೇಗೆಂದು ಕುಳಿತೆ.

ಚಾಂದ್ರಮಾನ ಹೊಸವರ್ಷದ ಹಬ್ಬ ಕಳೆದ ಮೇಲೆ ಬಿಲ್ಲೆ ಪೂರ್ತಿಯಾಯಿತು. ಮುದುಕ ಅಚ್ಚು ಕೊಟ್ಟ. ಮೀನುಪೇಟೆಯ ರಜೆಯ ದಿನ ನೋಡಿ, ಬೆಳಗಿನ ಹೊತ್ತಿಗೆ ಎರಕವೆಂದು ನಿಶ್ಚಯವಾಯಿತು. ಮಾಲ್‌ಸುನ್ ಬಂದಳು. ಹೊಸ ಕಂಠವಸ್ತ್ರ ಸುತ್ತಿ, ತುಟಿಗೆ ಬಣ್ಣ ಹಚ್ಚಿಕೊಂಡು, ಒಂದು ಡಬ್ಬಿ ತುಂಬ ಅನ್ನದ ಸುರುಳಿ ಗಿಂಬಾಪ್ ಹೊತ್ತು, ಮೊದಲ ಸಲ ಆ ಮಹಡಿಯ ಮೆಟ್ಟಿಲು ಹತ್ತಿದಳು. “ಹೊರಗಿನ ತಿಂಡಿ ತರ್ಬಾರ್ದು ಅಂತ ಬೋರ್ಡ್ ಹಾಕಿದೀನಿ, ಆದ್ರೆ ಇವತ್ತು ನನಗೆ ಕಣ್ಣು ಕಾಣ್ಸಲ್ಲ” ಎಂದು ಮಿಯೊಂಗ್‌ಜಾ ತಾನೇ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಗುಕ್ ಹೆಡ್‌ಫೋನಿನ ತಂತಿ ಕಿತ್ತು, ಸದ್ದು ಹೊರಗೆ ಕೇಳುವ ಹಾಗೆ ಮಾಡಿದ, ಹೆಂಡತಿ ಕೇಳಬೇಕಲ್ಲ. ಪರದೆಯಲ್ಲಿ ಚೌಕದ ತುಂಬ ನಮ್ಮ ಕೂಟದವರು. ಆಟ ಬಿಟ್ಟುಹೋಗಿದ್ದವರೂ ಇದಕ್ಕೆಂದೇ ಮರಳಿ, ಕುದುರೆಗಳ ಮೇಲೆ ದೀಪ ಹಿಡಿದು ಸಾಲುಗಟ್ಟಿ ನಿಂತಿದ್ದರು. ಆಚೆ ಮೂಲೆಯ ಕುರ್ಚಿಯಲ್ಲಿ ಮೈಕು ಹಾಕಿಕೊಂಡು ಕುಳಿತಿದ್ದ ಪ್ಯೋ ಅಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ.

ಮಹಾಗಂಟೆಯ ಎರಕ ನಿಧಾನದ್ದು. ಕಂಚು ಹುಯ್ದ ಮೇಲೆ ಆರುವವರೆಗೆ ಕಾಯಬೇಕು. ಆ ಬಿಡುವಿನಲ್ಲಿ ಅವನು ಮಾಡಿದ್ದೇನು? ದಿನಗೆಲಸ! ಪ್ಯೋ, “ಇವತ್ತೊಂದಿನ ಬಿಡಿ ಹಿರಿಯಣ್ಣ, ಕೈ ಮುಗೀತೀನಿ” ಎಂದು ಮೈಕಿನಲ್ಲಿ ಕೂಗಿದ. “ಬೆಂಕಿ ಉರೀತಿದೆಯಲ್ಲಪ್ಪ, ಸುಮ್ನೆ ಯಾಕೆ ಹಾಳ್ಮಾಡೋದು” ಎಂದು ಇವನು ಪುಟ್ಟ ಗಂಟೆಗಳನ್ನು ಎರೆದ. ಅಷ್ಟರಲ್ಲಿ ಅಚ್ಚು ಒಡೆಯಿತು. ಹೊಂಬೆಳಕು ಚೆಲ್ಲಿತು. ಮಹಾಗಂಟೆ ನಿಷ್ಕಳಂಕವಾಗಿ ಹೊರಬಂದು, ಎಲ್ಲ ವಸ್ತುಗಳೂ ಬೀಳುವಂತೆಯೇ ಅವನ ಚೀಲಕ್ಕೆ, ಪುಟ್ಟ ಗಂಟೆಗಳ ನಡುವೆ ಬಿತ್ತು. ಕೂಟದವರು ಕೇಕೆ ಹಾಕಿದರು. ಅವನು ಕಣ್ಣೊರೆಸಿಕೊಂಡ. ನಾನು ಅವನ ಬೆನ್ನು ತಟ್ಟಿದೆ. ಮುದುಕನ ಕೈಗೆ ಮೂರು ಪುಟ್ಟ ಗಂಟೆ ಇಟ್ಟ. ಆಮೇಲೆ ಅವನ ಕೈ, ಅವನನ್ನು ಕೇಳದೆ, ಇಷ್ಟು ವರ್ಷ ಪ್ರತಿದಿನ ಇದರ ನಂತರ ಏನು ಮಾಡುತ್ತಿತ್ತೋ ಅದನ್ನು ಮಾಡಿತು.

‘ಎಲ್ಲವನ್ನೂ ಕರಗಿಸು.’

ಆಟ ಏನನ್ನೂ ಕೇಳಲಿಲ್ಲ. ಕೇಳಬೇಡವೆಂದು ಅವನೇ ಹೇಳಿದ್ದ. ಬಿರುಕು ಗಂಟೆಗಳು ಟಿಣ್, ಟಿಣ್ ಎಂದು ಕರಗಿದವು. ಕೊನೆಗೆ, ಮಹಾಗಂಟೆಯ ಸರದಿಗೆ, ಒಂದು ನಾದ ಬಂತು. ನಾನು ನನ್ನ ಜನ್ಮದಲ್ಲಿ ಅಂಥ ನಾದ ಕೇಳಿಲ್ಲ. ಬೆಟ್ಟದ ಮೇಲಿನ ವಿಹಾರದ ಗಂಟೆಯನ್ನು ಮರದ ತೊಲೆಯಿಂದ ತಾಡಿಸಿದಾಗ ಹೊಟ್ಟೆಯೊಳಗೆ ಕೇಳುತ್ತದಲ್ಲ, ಅಂಥದು. ಮೆಲ್ಲಗೆ ಎದ್ದು, ಕೋಣೆಯನ್ನೆಲ್ಲ ತುಂಬಿ, ಗಲ್ಲಾದ ಮೇಲಿನ ಲೋಟಗಳನ್ನು ನಡುಗಿಸಿ, ಬಹಳ ಹೊತ್ತು ಉಳಿದು, ಇಳಿದು, ಆರಿತು.

ಪ್ಯೋ ಮೈಕಿನಲ್ಲಿ “ಅಯ್ಯೋ” ಎನ್ನಲು ಹೊರಟು ನುಂಗಿಕೊಂಡ. ಮಾಲ್‌ಸುನ್ ಮಾತ್ರ ಕುರ್ಚಿಯಿಂದೆದ್ದು ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದಳು.

“ಕೇಳಿಸ್ತು! ದಾಜೊಂಗ್ ಅಪ್ಪಾ, ಕೇಳಿಸ್ತು ಕಣ್ರೀ! ಎಷ್ಟು ಚೆನ್ನಾಗಿದೆ! ಇದನ್ನ ನೀವು ಮಾಡಿದ್ದಾ?”

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಹೂಂ” ಎಂದ. “ನಾನೇ ಮಾಡಿದ್ದು.”

“ಹೆಸರು? ಹೆಸರು ಯಾವಾಗ ಕರೀತಾರೆ?”

ಗುಕ್ ಎಡಕ್ಕೆ ವಾಲಿದ, ಅವಳ ಕಡೆಗೆ. ಕಿಟಕಿಯಾಚೆ ನಿಂತವರಿಗೆ ಚಿಲ್ಲರೆ ಇಲ್ಲವೆಂದು ಹೇಳುವಾಗ ಹೀಗೆಯೇ ಹೇಳುತ್ತಿದ್ದನೋ ಏನೋ, ಬಹಳ ಮೆತ್ತಗೆ ಹೇಳಿದ: “ಕರೆದ್ರು ಕಣೆ. ಅಕ್ಷರದಲ್ಲಿ ಬಂತು. ನೀನು ನೋಡೋಷ್ಟ್ರಲ್ಲಿ ಹೋಯ್ತು.”

“ಛೆ, ನನ್ನ ಕಣ್ಣಿಗಿಷ್ಟು ಬೆಂಕಿ ಬೀಳ” ಎಂದು ಅವಳು ಪೇಚಾಡಿಕೊಂಡು, ಡಬ್ಬಿ ತೆರೆದು ಎಲ್ಲರಿಗೂ ಗಿಂಬಾಪ್ ಹಂಚಿದಳು. ಮಿಯೊಂಗ್‌ಜಾ, ಅದುವರೆಗೆ ಯಾರೆದುರೂ ತಲೆ ತಗ್ಗಿಸದವಳು, ಅದನ್ನು ತೆಗೆದುಕೊಂಡು ಗೋಡೆಯ ಕಡೆ ತಿರುಗಿ ತಿಂದಳು. ನಾನೂ ತಿಂದೆ. ಅದರ ರುಚಿ ನನಗೆ ತಿಳಿಯಲಿಲ್ಲ.

ಕಂಪನಿಗೆ ಅವನ ಪರವಾಗಿ ನಾನೇ ಬರೆದೆ, ನನಗೆ ಬರುವ ಸಾಹಿತ್ಯವನ್ನೆಲ್ಲ ಸುರಿದು ಬರೆದೆ. ಮಾಲೀಕರು ಸ್ವತಃ ಕರಗಿಸಿದ ವಸ್ತುವನ್ನು ಮರಳಿಸಲಾಗದು, ವಿಷಾದಿಸುತ್ತೇವೆ ಎಂದು ಉತ್ತರ ಬಂತು. ಗುಕ್ ಓದಿ, “ಅವರು ಹೇಳೋದೂ ಸರೀನೇ ಅಣ್ಣ” ಎಂದ. ಅವನು ಬೈದಿದ್ದರೆ, ಅತ್ತಿದ್ದರೆ, ಮೇಜು ಗುದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಇನ್ನೊಂದು ಕಡೆ ಮೀನುಪೇಟೆಯಲ್ಲೆಲ್ಲ ಮಾಲ್‌ಸುನ್ ಸಾರಿದ್ದಳು. ಸೀಗಡಿ ಕೊಳ್ಳಲು ಹೋದರೆ ನನ್ನನ್ನು ಹಿಡಿದು ಪಕ್ಕದಂಗಡಿಯವರ ಮುಂದೆ ನಿಲ್ಲಿಸಿ, “ಹೇಳಿ ಮೇಷ್ಟ್ರೇ, ನೀವೂ ಇದ್ರಲ್ಲ, ನಮ್ಮೋರ ಗಂಟೆ ಹೆಂಗಿತ್ತು?” ಎನ್ನುತ್ತಿದ್ದಳು. “ಅಂಥದು ಕೇಳಿಲ್ಲಮ್ಮ” ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಹೆಂಡತಿಯ ಆ ಹೆಮ್ಮೆಯನ್ನು ದಿನವೂ ಉಣ್ಣಬೇಕಾಗಿದ್ದ ಗುಕ್ ಮಾತ್ರ ದಿನದಿಂದ ದಿನಕ್ಕೆ ಸೊರಗಿದ. ಸೋತವನನ್ನು ಜಗತ್ತು ಹಂಗಿಸಿದರೆ ತಾಳಬಹುದು. ಗೆದ್ದನೆಂದು ಮನೆಯವಳೇ ಮೆಚ್ಚಿದರೆ ಎಲ್ಲಿ ಹೋಗಿ ಬಚ್ಚಿಟ್ಟುಕೊಳ್ಳುವುದು?

ಮರುದಿನವೂ ಅವನು ಬಂದ, ಅದರ ಮರುದಿನವೂ. ಬಂದು ಮುದುಕನಿಗೆ ಗಂಟೆ ಎರೆದು ಕೊಟ್ಟ. ಇನ್ನೊಂದು ಅಚ್ಚು ಅವನಿಗೆ ಎಂದಿಗೂ ಸಿಗುವುದಿಲ್ಲ, ಬಿಲ್ಲೆಯಿಂದ ಬೇರೆ ಏನೂ ದೊರೆಯುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಒಂದು ದಿನ ನನ್ನ ತಾಳ್ಮೆ ತಪ್ಪಿತು. “ಇನ್ನೂ ಯಾತಕ್ಕಯ್ಯಾ ಇದು? ನಿನಗೆ ಮಾನ ಮರ್ಯಾದೆ ಇಲ್ವಾ?” ಎಂದು ಕಿರುಚಿದೆ. ಅವನು ತುಂಬ ಯೋಚಿಸಿ ಹೇಳಿದ: “ದಿನಾ ಕೇಳ್ತಾನಲ್ಲ ಅಣ್ಣ. ಇವತ್ತೂ ಬಂದೆಯಾ ಅಂತ. ಬೇರೆ ಯಾರು ಕೇಳ್ತಾರೆ?”

ಕಣಿವೆ ಮುಚ್ಚುವ ಬೆಳಿಗ್ಗೆ ಉಳಿದವರೆಲ್ಲ ಚೌಕದಲ್ಲಿ ಸೇರಿ ಬಾಣಬಿರುಸು ಹಚ್ಚಿ ಕುಣಿಯುತ್ತಿದ್ದರು. ಕಮಾನು ಬರಿದಾಗಿತ್ತು. ಗುಕ್ ಎರಕದ ಮನೆಯಲ್ಲಿದ್ದ. ನಾನು ನನ್ನ ಗಾಳ ಬಿಟ್ಟು ಅವನ ಕುರ್ಚಿಯ ಹಿಂದೆ ನಿಂತೆ. ಮುದುಕ ಕೇಳಿದ: “ಇವತ್ತೂ ಬಂದೆಯಾ? ಊರಿಗೆ ಗಂಟೆ ಬೇಕು.” ಗುಕ್ ಎರೆದ, ಆರಿಸಿದ, ಕೈ ಚಾಚಿದ. ಪರದೆ ಅಲ್ಲಿಗೆ ನಿಂತಿತು. ಚಾಚಿದ ಕೈ ಹಾಗೆಯೇ ಒಂದು ಕ್ಷಣ ಇದ್ದು, ಆಮೇಲೆ ಕಪ್ಪು. ಸಂಪರ್ಕ ಕಡಿದಿದೆ ಎಂಬ ಎರಡು ಪದ. ಅವನು ಎಡಕ್ಕೆ ವಾಲಿ, ಆ ಕಪ್ಪಿಗೆ, “ಹುಷಾರಾಗಿ ಹೋಗಿಬನ್ನಿ” ಎಂದ.

ಅನಂತರ ಅವನು ಮಹಡಿ ಹತ್ತಲಿಲ್ಲ. ಬೇರೆ ಆಟಗಳಿವೆ, ಅವುಗಳಲ್ಲೂ ದಿನಗೆಲಸಗಳಿವೆ, ಕರೆದರೆ ಬರುವುದಿಲ್ಲ. ಮನೆಯ ಕಿಟಕಿಯ ಬಳಿ ಕೂರುತ್ತಾನಂತೆ. ಬೀದಿಯಲ್ಲಿ ಎದುರಾದರೆ ತಲೆಬಾಗಿ ನಿಲ್ಲುತ್ತಾನೆ, ಮಾತಿಲ್ಲ. ಬೀಳ್ಕೊಡುವಾಗ ಆ ಮಾತೂ ಇಲ್ಲ. ಮೊನ್ನೆ ಮಾಲ್‌ಸುನ್ ನನಗೆ ಸೀಗಡಿ ಕಟ್ಟಿಕೊಡುತ್ತ ಹೇಳಿದಳು: “ಆ ಗಂಟೆ ಇನ್ನೊಂದ್ಸಲ ಕೇಳಿಸಿ ಅಂತ ಕೇಳ್ದೆ ಮೇಷ್ಟ್ರೇ. ಎದ್ದು ಹೊರಗೆ ಹೋಗ್ಬಿಟ್ರು. ಗೆದ್ದ ಮೇಲೂ ಯಾಕೆ ಹೀಗಿದಾರೆ?” ನಾನು ಸೀಗಡಿ ತೆಗೆದುಕೊಂಡು ಬಂದೆ.

ದಿನಗೆಲಸ ಮಾಡಿ ಫಲವುಂಟೇ ಎಂದು ಹೊಸ ಹುಡುಗರು ಈಗಲೂ ನನ್ನನ್ನು ಕೇಳುತ್ತಾರೆ. ಇಲ್ಲ. ಫಲವಿಲ್ಲ. ಪ್ಯೋ ಹೇಳಿದ್ದೇ ಸರಿ, ಅದೊಂದು ಮೂಗುದಾರ. ಆದರೆ ಲೋಕದಲ್ಲಿ ಗುಕ್‌ನಂಥವರ ಒಂದು ದೊಡ್ಡ ಕುಲವೇ ಇದೆ. ಅವರು ಹಾಜರಿ ಹೇಳಲೆಂದೇ ಹುಟ್ಟಿದವರು. ಯಾರಾದರೂ ದಿನವೂ ಬಂದೆಯಾ ಎಂದು ಕೇಳಿದರೆ ಸಾಕು, ಕೇಳುವವನು ಗೊಂಬೆಯೋ ಮನುಷ್ಯನೋ ಎಂದು ವಿಚಾರಿಸುವುದಿಲ್ಲ. ಅವರ ನಿಷ್ಠೆ ಅವರನ್ನು ಎಲ್ಲಿಗೂ ಮುಟ್ಟಿಸುವುದಿಲ್ಲ. ಮುಟ್ಟಿಸುವಂತಾದ ದಿನ, ಅಭ್ಯಾಸವಾಗಿ ಬೆರಳಿಗಿಳಿದ ಆ ನಿಷ್ಠೆಯೇ ಎಲ್ಲವನ್ನೂ ಕರಗಿಸಿಬಿಡುತ್ತದೆ. ಅವರು ಬದುಕಿರುವಷ್ಟು ಕಾಲ ಅವರಿಂದ ಒಂದು ಸದ್ದೂ ನಮ್ಮನ್ನು ಮುಟ್ಟುವುದಿಲ್ಲ. ಒಡೆಯುವಾಗ ಒಮ್ಮೆ ಮಾತ್ರ ಕೇಳಿಸುತ್ತದೆ, ಕೋಣೆ ತುಂಬುವಷ್ಟು. ಅದನ್ನು ಹಬ್ಬದ ಗಂಟೆಯೆಂದು ತಿಳಿದು ನಾವು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ.